ಹಳೆಯ ಬೋಟಿಗೆ ಯಾವ ಎಂಜಿನ್ ಹಾಕಬೇಕು?

ಬೋಟು ದಡದ ಮೇಲಿದ್ದಾಗ ಅದರ ಹಿಂದೆ ಹೋಗಿ ನಿಲ್ಲಿ. ಔಟ್‌ಬೋರ್ಡ್ ಎಂಜಿನ್ನನ್ನು, ಅಂದರೆ ಬೋಟಿನ ಹಿಂಬದಿಗೆ ಹೊರಗಡೆ ತೂಗುಹಾಕಿದ ಎಂಜಿನ್ನನ್ನು, ಅರ್ಧ ಮೇಲಕ್ಕೆ ವಾಲಿಸಿ, ಪ್ರೊಪೆಲ್ಲರ್ ಇರುವ ಕೆಳತುದಿಯ ಮೇಲೆ ಎರಡೂ ಕೈ ಇಟ್ಟು ಮೈಭಾರ ಹಾಕಿ ಒತ್ತಿ. ಕಣ್ಣು ಮಾತ್ರ ಎಂಜಿನ್ ಬಿಗಿದಿರುವ ಹಲಗೆಯ ಮೇಲಿರಲಿ. ಹಲಗೆ ಒಳಕ್ಕೆ ಹೊರಕ್ಕೆ ಬಾಗಿತಾ? ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ತೆರೆದು ಮುಚ್ಚಿತಾ? ಬೋಲ್ಟಿನ ಸುತ್ತ ನೀರು ಜಿನುಗಿತಾ? ಇವುಗಳಲ್ಲಿ ಒಂದು ಕಂಡರೂ ಹೊಸ ಎಂಜಿನ್ ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಮೊದಲು ರಿಪೇರಿ ಆಗಬೇಕಾದ್ದು ಬೋಟು.

ಎಂಜಿನ್ ಬದಲಿಸಬೇಕು ಅಂದಾಗ ಎಲ್ಲರೂ ಮೊದಲು ಕೇಳುವುದು ‘ಯಾವ ಕಂಪನಿಯದ್ದು ಒಳ್ಳೆಯದು, ಎಷ್ಟು ಎಚ್‌ಪಿ ತಗೊಳ್ಳಲಿ’ ಅಂತ. ಈ ಎರಡಕ್ಕೂ ಉತ್ತರ ಬೋಟೇ ಹೇಳುತ್ತದೆ. ಅದು ಎಷ್ಟು ಭಾರ ಹೊರಬಲ್ಲದು, ನೀರಿನಲ್ಲಿ ಹೇಗೆ ಓಡುವಂಥದ್ದು, ಹಿಂಬದಿ ಎಷ್ಟು ಎತ್ತರ, ಒಳಗಿರುವ ಟ್ಯಾಂಕು ಮತ್ತು ಕೇಬಲ್ಲುಗಳ ಗತಿ ಏನು. ಇಷ್ಟು ತಿಳಿದುಕೊಂಡರೆ ಕ್ಯಾಟಲಾಗಿನ ನೂರು ಎಂಜಿನ್ನುಗಳಲ್ಲಿ ಎರಡೋ ಮೂರೋ ಮಾತ್ರ ಉಳಿಯುತ್ತವೆ. ಆಮೇಲೆ ಕಂಪನಿ ಯಾವುದು ಅನ್ನುವುದು ದೊಡ್ಡ ಮಾತಲ್ಲ.

ಸುಮ್ನೆ ಗಾಳಿಯಲ್ಲಿ ಮಾತಾಡುವುದು ಬೇಡ ಅಂತ ಒಂದು ಬೋಟನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. 1980ರ ದಶಕದ್ದು, 18 ಅಡಿ ಉದ್ದದ ಫೈಬರ್ ಬೋಟು. ಹಿಂದೆ 70 ಎಚ್‌ಪಿಯ ಟು-ಸ್ಟ್ರೋಕ್ ಔಟ್‌ಬೋರ್ಡ್. ಎಂಜಿನ್ ಈಗ ಸುಸ್ತಾಗಿದೆ. ಬೋಟಿನ ಮೈ ನೋಡಲು ಚೆನ್ನಾಗಿಯೇ ಇದೆ.

ಹಿಂಬದಿಯ ಹಲಗೆ ಗಟ್ಟಿ ಇದೆಯಾ?

ಔಟ್‌ಬೋರ್ಡ್ ತೂಗುಹಾಕುವ ಹಿಂಬದಿಯ ಆ ಅಡ್ಡಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಹಳೆಯ ಫೈಬರ್ ಬೋಟುಗಳಲ್ಲಿ ಇದು ಪೂರ್ತಿ ಫೈಬರ್ ಆಗಿರುವುದಿಲ್ಲ. ಎರಡು ಕಡೆ ಫೈಬರ್, ನಡುವೆ ಪ್ಲೈವುಡ್. ಎಂಜಿನ್ನಿನ ಬೋಲ್ಟುಗಳು ಈ ಮರದ ಮೂಲಕವೇ ಹಾದುಹೋಗುತ್ತವೆ. ಮೂವತ್ತು ವರ್ಷದಲ್ಲಿ ಬೋಲ್ಟಿನ ತೂತಿಗೆ ಹಚ್ಚಿದ ಸೀಲೆಂಟ್ ಒಣಗಿ ಬಿಟ್ಟುಕೊಂಡಿರುತ್ತದೆ. ಅಲ್ಲಿಂದ ಹನಿ ಹನಿ ನೀರು ಒಳಗಿಳಿದು ಪ್ಲೈವುಡ್ ಕೊಳೆಯುತ್ತದೆ. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ.

ಪರೀಕ್ಷೆ ಕಷ್ಟದ್ದೇನಲ್ಲ. ಒಂದು ಸಣ್ಣ ಸುತ್ತಿಗೆ, ಪ್ಲಾಸ್ಟಿಕ್ ತಲೆಯದ್ದಾದರೆ ಒಳ್ಳೆಯದು, ಅದರಿಂದ ಟ್ರಾನ್ಸಮ್ಮಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಚುರುಕಾದ ‘ಟಕ್ ಟಕ್’ ಸದ್ದು ಬರುತ್ತದೆ, ಸುತ್ತಿಗೆ ಪುಟಿದು ಕೈಗೆ ವಾಪಸ್ ಬರುತ್ತದೆ. ಕೊಳೆತ ಕಡೆ ‘ದಪ್ ದಪ್’ ಅಂತ ಸದ್ದು ಅಲ್ಲೇ ಸಾಯುತ್ತದೆ. ಅನುಮಾನ ಬಂದರೆ ಒಳಗಡೆಯಿಂದ, ಕೆಳಗೆ ಎಲ್ಲಿ ನೀರು ನಿಲ್ಲುತ್ತದೋ ಅಲ್ಲಿ, ಒಂದು ಸಣ್ಣ ತೂತು ಕೊರೆಯಿರಿ. ಹೊರಗಿನ ಫೈಬರ್ ಪದರ ದಾಟಬಾರದು. ಡ್ರಿಲ್ಲಿಗೆ ಸುತ್ತಿಕೊಂಡು ಬರುವ ಮರದ ಸಿಪ್ಪೆ ತಿಳಿ ಬಣ್ಣದ್ದಾಗಿ ಒಣಗಿದ್ದರೆ ನಿಶ್ಚಿಂತೆ. ಕಪ್ಪಗೆ, ಒದ್ದೆಯಾಗಿ, ಹುಳಿ ವಾಸನೆ ಹೊಡೆಯುತ್ತಿದ್ದರೆ ಟ್ರಾನ್ಸಮ್ ಹೊಸದು ಕಟ್ಟಿಸಬೇಕು. ತೂತನ್ನು ಎಪಾಕ್ಸಿಯಿಂದ ಮುಚ್ಚಲು ಮರೆಯಬೇಡಿ. ಈ ಒಂದು ತೂತು ಕೊರೆಯಲು ಹಿಂಜರಿದು ಹೊಸ ಎಂಜಿನ್ ತಂದು ಬಿಗಿದವರಿಗೆ ಮುಂದೆ ಆಗುವ ನೋವು ದೊಡ್ಡದು.

ಎಂಜಿನ್ ಒಳಗೇ ಇರುವ ಬೋಟಾದರೆ ಇದೇ ಪರೀಕ್ಷೆಯನ್ನು ಎಂಜಿನ್ ಕೂರುವ ಉದ್ದ ದಿಂಡುಗಳಿಗೆ ಮಾಡಿ. ಹಳೆಯ ಎಂಜಿನ್ ಇಳಿಸಿದ ದಿನವೇ ಮಾಡಿ. ಅಷ್ಟು ಜಾಗ ಇನ್ಯಾವತ್ತೂ ಸಿಗುವುದಿಲ್ಲ.

ಭಾರ: ಎಲ್ಲರೂ ಮರೆಯುವ ಲೆಕ್ಕ

ನಮ್ಮ 18 ಅಡಿ ಬೋಟಿನ ಹಳೆಯ 70 ಎಚ್‌ಪಿ ಟು-ಸ್ಟ್ರೋಕ್ ತೂಕ ಸುಮಾರು 105 ಕೆಜಿ. ಈಗಿನ 70 ಎಚ್‌ಪಿಯ ಫೋರ್-ಸ್ಟ್ರೋಕ್ ಎಷ್ಟು ತೂಗುತ್ತದೆ? ಯಮಹಾದ 70 ಸುಮಾರು 120 ಕೆಜಿ. ಸುಜುಕಿಯ 70 ಸುಮಾರು 155 ಕೆಜಿ. ಎಚ್‌ಪಿ ಒಂದೇ, ತೂಕದಲ್ಲಿ 35 ಕೆಜಿ ವ್ಯತ್ಯಾಸ. ಹಗುರದ್ದು ಮೇಲು, ಭಾರದ್ದು ಕೀಳು ಅಂತ ಇದರ ಅರ್ಥವಲ್ಲ. ಭಾರದ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಸಿಲಿಂಡರ್ ಅಳತೆ ದೊಡ್ಡದಿರುತ್ತದೆ, ಅದು ಸಲೀಸಾಗಿ ಎಳೆಯುತ್ತದೆ. ಆದರೆ ಹಳೆಯ ಬೋಟನ್ನು ಕಟ್ಟಿದವರು ಹಗುರವಾದ ಟು-ಸ್ಟ್ರೋಕ್ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದರು. ಹಿಂದಿನ ಭಾರ ಅದಕ್ಕಿಂತ ಜಾಸ್ತಿಯಾದರೆ ಬೋಟು ಹಿಂದಕ್ಕೆ ಕುಕ್ಕರಿಸುತ್ತದೆ.

ಕುಕ್ಕರಿಸಿದರೆ ಏನಾಗುತ್ತದೆ? ಡೆಕ್ಕಿನ ಮೇಲೆ ಬಿದ್ದ ನೀರು ತಾನಾಗಿ ಹೊರಹೋಗಲಿ ಅಂತ ಹಿಂದೆ ತೂತುಗಳಿರುತ್ತವೆ. ಅವು ನೀರಿನ ಮಟ್ಟಕ್ಕಿಂತ ಒಂದೆರಡು ಇಂಚು ಮೇಲಿದ್ದರೆ ಕೆಲಸ ಮಾಡುತ್ತವೆ. ಮಟ್ಟಕ್ಕಿಂತ ಕೆಳಗಿಳಿದರೆ ಅದೇ ತೂತಿನಿಂದ ನೀರು ಒಳಗೆ ಬರುತ್ತದೆ. ಕಟ್ಟಿಹಾಕಿ ಹೋದ ಬೋಟು ಒಂದು ಜೋರು ಮಳೆಗೆ ಮುಳುಗಲು ಇಷ್ಟು ಸಾಕು. ಓಡುವಾಗಲೂ ಮೂತಿ ಮೇಲೆದ್ದು ಮುಂದಿನದು ಕಾಣದಂತಾಗುತ್ತದೆ, ಬೋಟು ಸಮವಾಗಿ ಏಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಇದನ್ನು ಎಂಜಿನ್ ಕೊಳ್ಳುವ ಮೊದಲೇ ನೋಡಿಕೊಳ್ಳಬಹುದು. ಹಳೆಯ ಎಂಜಿನ್ ಇನ್ನೂ ಮೇಲಿರುವಾಗಲೇ ಬೋಟನ್ನು ನಿಂತ ನೀರಿಗೆ ಇಳಿಸಿ. ಟ್ಯಾಂಕು ತುಂಬಿಸಿ, ಬ್ಯಾಟರಿ, ಲಂಗರು, ಸಾಮಾನು ಎಲ್ಲ ಅವುಗಳ ಜಾಗದಲ್ಲಿರಲಿ. ಈಗ 20 ಲೀಟರಿನ ಕ್ಯಾನುಗಳಿಗೆ ನೀರು ತುಂಬಿ ಟ್ರಾನ್ಸಮ್ಮಿಗೆ ಒತ್ತಿಕೊಂಡಂತೆ ಇಡಿ. ಒಂದು ಕ್ಯಾನು ಅಂದರೆ 20 ಕೆಜಿ. ಹೊಸ ಎಂಜಿನ್ 50 ಕೆಜಿ ಜಾಸ್ತಿ ತೂಗುವುದಾದರೆ ಎರಡೂವರೆ ಕ್ಯಾನು. ಎಂಜಿನ್ ಇನ್ನೂ ಹಿಂದಕ್ಕೆ ನೇತಾಡುವುದರಿಂದ ಅರ್ಧ ಕ್ಯಾನು ಜಾಸ್ತಿಯೇ ಇಡಿ. ಆಮೇಲೆ ಇಬ್ಬರು ಹಿಂದೆ ಹೋಗಿ ನಿಲ್ಲಿ. ಇನ್ನೊಬ್ಬರು ಪಕ್ಕದಿಂದ ನೀರಿನ ಮಟ್ಟಕ್ಕೆ ಸರಿಯಾಗಿ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯಲಿ. ತೂತುಗಳು ಮುಳುಗಿದರೆ ಆ ಎಂಜಿನ್ ಈ ಬೋಟಿಗೆ ಭಾರ. ಕೆಲವು ಸಲ ಬ್ಯಾಟರಿಯನ್ನು ಹಿಂದಿನಿಂದ ತೆಗೆದು ಮಧ್ಯಕ್ಕೆ ತಂದರೆ ಸಾಕಾಗುತ್ತದೆ. ಒಂದು ಬ್ಯಾಟರಿಯೇ 20–25 ಕೆಜಿ ಇರುತ್ತದಲ್ಲ.

ಎಷ್ಟು ಎಚ್‌ಪಿ?

ಇಲ್ಲಿ ಬೋಟುಗಳಲ್ಲಿ ಎರಡು ಜಾತಿ ಇವೆ ಅನ್ನುವುದು ಗೊತ್ತಿರಬೇಕು. ಒಂದು ನೀರನ್ನು ಸರಿಸಿಕೊಂಡು ಹೋಗುವಂಥದ್ದು. ದುಂಡು ಹೊಟ್ಟೆ, ಭಾರದ ಮೈ. ಇನ್ನೊಂದು ವೇಗ ಸಿಕ್ಕಾಗ ನೀರಿನ ಮೇಲೆ ಎದ್ದು ಜಾರುವಂಥದ್ದು. ಹಿಂಭಾಗ ಚಪ್ಪಟೆ, ಅಂಚುಗಳು ಚೂಪು.

ಮೊದಲನೆಯ ಜಾತಿಗೆ ವೇಗದ ಮಿತಿಯನ್ನು ಅದರ ಉದ್ದವೇ ಹಾಕುತ್ತದೆ. ಬೋಟು ಮುಂದೆ ಹೋದಂತೆ ಮೂತಿಯ ಹತ್ತಿರ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ಬೋಟಿನ ಉದ್ದದಷ್ಟೇ ಆದಾಗ ಬೋಟು ತಾನೇ ಎಬ್ಬಿಸಿದ ಅಲೆಯ ಇಳಿಜಾರಿನಲ್ಲಿ ಸಿಕ್ಕಿಕೊಂಡು ಏರಲಾರದೆ ಒದ್ದಾಡುತ್ತದೆ. ಲೆಕ್ಕ ಸುಲಭ: ನೀರಿನ ಮಟ್ಟದಲ್ಲಿ ಬೋಟಿನ ಉದ್ದ ಎಷ್ಟು ಅಡಿ ಇದೆಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. 25 ಅಡಿಗೆ 6.7 ನಾಟ್, ಅಂದರೆ ಗಂಟೆಗೆ ಸುಮಾರು 12 ಕಿಲೋಮೀಟರ್. ಇಂಥ ಬೋಟಿಗೆ ಟನ್ನಿಗೆ ನಾಲ್ಕು ಎಚ್‌ಪಿ ಧಾರಾಳ ಸಾಕು. ಎದುರು ಗಾಳಿ, ಎದುರು ಪ್ರವಾಹಕ್ಕೆ ಅಂತ ಇನ್ನು ಸ್ವಲ್ಪ ಸೇರಿಸಿಕೊಳ್ಳಿ. ಅದರ ಮೇಲೆ ಇನ್ನೂ 50 ಎಚ್‌ಪಿ ಹಾಕಿದರೆ ಸಿಗುವುದು ದೊಡ್ಡ ಅಲೆ ಮತ್ತು ಖಾಲಿ ಟ್ಯಾಂಕು, ವೇಗ ಮಾತ್ರ ಸಿಗುವುದಿಲ್ಲ. ಈ ಜಾತಿಯ ಬೋಟಿಗೆ ಔಟ್‌ಬೋರ್ಡ್ ಹಾಕುವುದಾದರೆ ದೊಡ್ಡ ಗೇರ್‌ಕೇಸ್ (ಪ್ರೊಪೆಲ್ಲರ್ ಪಕ್ಕದ ಗೇರಿನ ಪೆಟ್ಟಿಗೆ) ಇರುವ ಮಾದರಿ ಕೇಳಿ. ಕೆಲವು ಕಂಪನಿಗಳು 60 ಎಚ್‌ಪಿಯ ಒಂದೇ ಎಂಜಿನ್ನನ್ನು ಎರಡು ಥರ ಮಾರುತ್ತವೆ. ಒಂದರಲ್ಲಿ ಗೇರ್ ಅನುಪಾತ ಸುಮಾರು 1.8, ಇನ್ನೊಂದರಲ್ಲಿ ಸುಮಾರು 2.3. ಎರಡನೆಯದು ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುತ್ತದೆ. ಭಾರದ ಬೋಟನ್ನು ತಳ್ಳಲು, ನಿಲ್ಲಿಸಲು ಬೇಕಾದ್ದು ಅದೇ.

ನಮ್ಮ 18 ಅಡಿ ಬೋಟು ಎರಡನೆಯ ಜಾತಿಯದ್ದು. ಇದಕ್ಕೆ ಮೇಲೇಳುವಷ್ಟು ಶಕ್ತಿ ಬೇಕೇ ಬೇಕು. ಕಡಿಮೆ ಎಚ್‌ಪಿ ಹಾಕಿ ಉಳಿತಾಯ ಆಯಿತು ಅಂದುಕೊಂಡರೆ ನಾಲ್ಕು ಜನ ಕೂತ ದಿನ ಬೋಟು ಏಳುವುದೇ ಇಲ್ಲ. ಎಂಜಿನ್ ಯಾವಾಗಲೂ ಪೂರ್ತಿ ಥ್ರಾಟಲಿನಲ್ಲಿ ದುಡಿದು ಬೇಗ ಸವೆಯುತ್ತದೆ. ಜಾಸ್ತಿ ಹಾಕುವುದರಿಂದಲೂ ಅಂದುಕೊಂಡಷ್ಟು ಲಾಭವಿಲ್ಲ. ಇಂಥ ಬೋಟುಗಳಲ್ಲಿ ಶಕ್ತಿ ಎರಡು ಪಟ್ಟು ಮಾಡಿದರೆ ವೇಗ ಸುಮಾರು 40 ಶೇಕಡಾ ಏರುತ್ತದೆ, ಎರಡು ಪಟ್ಟು ಆಗುವುದಿಲ್ಲ. 70ರ ಬದಲು 90 ಹಾಕಿದರೆ ವೇಗ ಏರುವುದು ಸುಮಾರು 13 ಶೇಕಡಾ. ಅದೂ ಹೆಚ್ಚುವರಿ ಭಾರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಬೋಟಿನ ಒಳಗೆ ಎಲ್ಲಾದರೂ ಒಂದು ಸಣ್ಣ ಲೋಹದ ಫಲಕ ಇದೆಯಾ ನೋಡಿ. ಅಮೆರಿಕದಲ್ಲಿ 1972ರಿಂದ 20 ಅಡಿಗಿಂತ ಚಿಕ್ಕ ಬೋಟುಗಳಿಗೆ ಇದು ಕಡ್ಡಾಯ, ಯುರೋಪಿನಲ್ಲಿ 1998ರಿಂದ. ಔಟ್‌ಬೋರ್ಡ್ ಬೋಟಾದರೆ ಗರಿಷ್ಠ ಎಷ್ಟು ಎಚ್‌ಪಿ ಹಾಕಬಹುದು ಅಂತ ಅಮೆರಿಕದ ಫಲಕದಲ್ಲೇ ಬರೆದಿರುತ್ತದೆ. ಆ ಅಂಕಿ ದಾಟಬೇಡಿ. ಬೋಟು ಸುರಕ್ಷಿತವಾಗಿ ತಡೆಯುವ ಮಿತಿ ಅದು. ದಾಟಿದರೆ ವಿಮೆಯವರೂ ಕೈ ಎತ್ತಬಹುದು. ನನ್ನ ಅಭಿಪ್ರಾಯದಲ್ಲಿ ಫಲಕದ ಅಂಕಿಯ ಮುಕ್ಕಾಲು ಪಾಲಿನಿಂದ ಪೂರ್ತಿಯವರೆಗೆ ಇರುವ ಎಂಜಿನ್ನೇ ಸರಿ.

ಇನ್ನೊಂದು ಸೂಕ್ಷ್ಮ ಇದೆ. 1980ರ ದಶಕದ ಮಧ್ಯದವರೆಗೆ ಬಹಳಷ್ಟು ಔಟ್‌ಬೋರ್ಡುಗಳ ಎಚ್‌ಪಿಯನ್ನು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನಲ್ಲಿ ಅಳೆಯುತ್ತಿದ್ದರು. ಆಮೇಲೆ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಅಳೆಯುವ ಪದ್ಧತಿ ಬಂತು. ನಡುವೆ ಗೇರುಗಳಲ್ಲಿ ಸ್ವಲ್ಪ ಶಕ್ತಿ ಕಳೆದುಹೋಗುತ್ತದಲ್ಲ, ಅದನ್ನು ಹೊಸ ಅಂಕಿಯಲ್ಲಿ ಆಗಲೇ ಕಳೆದಿರುತ್ತಾರೆ. ಹಾಗಾಗಿ ತುಂಬ ಹಳೆಯ ಎಂಜಿನ್ನಿನ ಮುಚ್ಚಳದ ಮೇಲೆ 70 ಅಂತ ಇದ್ದರೆ, ಇವತ್ತಿನ ಅಳತೆಯಲ್ಲಿ ಅದು ಅದಕ್ಕಿಂತ ಕಡಿಮೆಯೇ.

ಟು-ಸ್ಟ್ರೋಕ್ ಬಿಡಲು ಮನಸ್ಸು ಬರದವರಿಗೆ

ಹಳೆಯ ಟು-ಸ್ಟ್ರೋಕ್ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಹಗುರ, ಸರಳ, ಕೈಯಲ್ಲಿ ನಾಲ್ಕು ಸ್ಪ್ಯಾನರ್ ಇದ್ದರೆ ರಿಪೇರಿ. ಕ್ರ್ಯಾಂಕ್‌ಶಾಫ್ಟಿನ ಪ್ರತಿ ಸುತ್ತಿಗೂ ಒಂದೊಂದು ಸಿಲಿಂಡರ್ ಒಮ್ಮೆ ಸಿಡಿಯುವುದರಿಂದ ಥ್ರಾಟಲ್ ತಿರುಗಿಸಿದ ಕೂಡಲೇ ಬೋಟು ನೆಗೆಯುತ್ತದೆ. ಫೋರ್-ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಮ್ಮೆ.

ಆದರೆ ಆ ಸರಳತೆಗೆ ಬೆಲೆ ತೆತ್ತೇ ಇರುತ್ತೇವೆ. ಕಾರ್ಬುರೇಟರ್ ಇರುವ ಟು-ಸ್ಟ್ರೋಕಿನಲ್ಲಿ ಹೊಸ ಪೆಟ್ರೋಲ್ ಒಳಗೆ ಬರುವ ಕಿಂಡಿಯೂ ಸುಟ್ಟ ಹೊಗೆ ಹೊರಹೋಗುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಒಳಬಂದ ಪೆಟ್ರೋಲಿನಲ್ಲಿ ಒಂದು ಪಾಲು ಉರಿಯದೆಯೇ ಹೊಗೆಯ ಜೊತೆ ಹೊರಟುಹೋಗುತ್ತದೆ. ಈ ಪಾಲು 30 ಶೇಕಡಾದವರೆಗೂ ಹೋಗಬಹುದು. ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪೊರೆ ತೇಲುವುದು ಅದರದ್ದೇ. ಫೋರ್-ಸ್ಟ್ರೋಕಿಗೆ ಬದಲಾಯಿಸಿದವರ ಪೆಟ್ರೋಲ್ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುವುದು ಇದೇ ಕಾರಣಕ್ಕೆ. ನಿಧಾನವಾಗಿ ಹೋಗುವಾಗ ಪಕ್ಕದವರ ಮಾತು ಕೇಳಿಸುವಷ್ಟು ಸದ್ದೂ ಕಡಿಮೆ.

ಬಿಡಿಭಾಗದ ಮಾತು ಇನ್ನೂ ಮುಖ್ಯ. ಜಾನ್ಸನ್ ಮತ್ತು ಎವಿನ್‌ರೂಡ್ ಔಟ್‌ಬೋರ್ಡುಗಳನ್ನು ಮಾಡುತ್ತಿದ್ದ ಓಎಂಸಿ ಕಂಪನಿ 2000ದ ಡಿಸೆಂಬರಿನಲ್ಲಿ ದಿವಾಳಿ ಎದ್ದಿತು. ಎವಿನ್‌ರೂಡ್ ಹೆಸರನ್ನು ಕೊಂಡ ಬಿಆರ್‌ಪಿ ಕಂಪನಿ 2020ರಲ್ಲಿ ಔಟ್‌ಬೋರ್ಡ್ ಮಾಡುವುದನ್ನೇ ನಿಲ್ಲಿಸಿತು. ಒಂದು ಕಾಲದಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಎಂಜಿನ್ನಿನ ಕಥೆ ಇದು. ಹಾಗಾಗಿ ಯಾವ ಕಂಪನಿ ಒಳ್ಳೆಯದು ಅಂತ ಕೇಳಿದರೆ ನನ್ನ ಉತ್ತರ ಒಂದೇ. ನೀವು ಬೋಟು ಓಡಿಸುವ ಜಾಗಕ್ಕೆ ಅತಿ ಹತ್ತಿರದ, ಕೆಲಸ ಬಲ್ಲ ಮೆಕ್ಯಾನಿಕ್ ಯಾವ ಕಂಪನಿಯ ಎಂಜಿನ್ ಬಿಚ್ಚುತ್ತಾನೋ ಅದು. ಅವನ ಹತ್ತಿರ ಆ ಎಂಜಿನ್ನಿನ ಕಂಪ್ಯೂಟರಿಗೆ ಜೋಡಿಸುವ ಸಲಕರಣೆ ಇದೆಯಾ ಅಂತಲೂ ಕೇಳಿ. ಈಗಿನ ಎಂಜಿನ್ನುಗಳಿಗೆ ಸ್ಪ್ಯಾನರ್ ಒಂದೇ ಸಾಲದು.

ಸೆಕೆಂಡ್ ಹ್ಯಾಂಡ್ ಎಂಜಿನ್ ನೋಡುತ್ತಿದ್ದರೆ ಎರಡು ಪರೀಕ್ಷೆ ಮಾಡಿಸದೆ ಹಣ ಕೊಡಬೇಡಿ. ಮೊದಲನೆಯದು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಹುಟ್ಟುವ ಒತ್ತಡ. ಎಲ್ಲ ಸಿಲಿಂಡರುಗಳ ಅಂಕಿಯೂ ಹೆಚ್ಚುಕಡಿಮೆ ಒಂದೇ ಇರಬೇಕು, 10 ಶೇಕಡಾಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೇಡ. ಎರಡನೆಯದು ಗೇರ್ ಆಯಿಲ್. ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಒಂದೆರಡು ಹನಿ ಬೆರಳಿಗೆ ತಗೊಳ್ಳಿ. ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ಸೀಲ್ ಹೋಗಿ ನೀರು ಒಳಸೇರಿದೆ. ಸಣ್ಣ ಚೂರುಗಳು ಬೆರಳಿಗೆ ಚುಚ್ಚಿದರೆ ಗೇರಿನ ಹಲ್ಲುಗಳೇ ಹೋಗಿವೆ.

ಶಾಫ್ಟಿನ ಉದ್ದ

ಔಟ್‌ಬೋರ್ಡುಗಳು 15, 20, 25, 30 ಇಂಚಿನ ಅಳತೆಯಲ್ಲಿ ಬರುತ್ತವೆ. ಟ್ರಾನ್ಸಮ್ಮಿನ ನಡುವೆ, ಎಂಜಿನ್ ಕೂರುವ ಮೇಲಂಚಿನಿಂದ ಬೋಟಿನ ತಳದವರೆಗೆ ಟೇಪು ಹಿಡಿದು ಅಳೆಯಿರಿ. ಹಳೆಯ ಎಂಜಿನ್ ನೋಡಿ ತೀರ್ಮಾನಿಸಬೇಡಿ, ಹಿಂದಿನವರು ತಪ್ಪು ಅಳತೆಯದ್ದನ್ನೇ ಹಾಕಿರಬಹುದು. ಪ್ರೊಪೆಲ್ಲರಿನ ಮೇಲೆ ಅಗಲವಾದ ಒಂದು ತಟ್ಟೆ ಇರುತ್ತದಲ್ಲ, ಅದು ಬೋಟಿನ ತಳದ ಮಟ್ಟಕ್ಕೆ ಅಥವಾ ಒಂದು ಇಂಚು ಆಚೀಚೆ ಬರಬೇಕು. ಶಾಫ್ಟ್ ಗಿಡ್ಡವಾದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ‘ಗುಯ್’ ಅಂತ ಖಾಲಿ ಓಡುತ್ತದೆ. ಕೂಲಿಂಗ್ ನೀರೂ ಸರಿಯಾಗಿ ಸಿಗುವುದಿಲ್ಲ. ಉದ್ದವಾದರೆ ನೀರಿನ ಎಳೆತ ಜಾಸ್ತಿ.

ಎಂಜಿನ್ ಒಳಗಿರುವ ಬೋಟಾದರೆ

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾರಿನ ಎಂಜಿನ್ನೂ ಬೋಟಿನ ಪೆಟ್ರೋಲ್ ಎಂಜಿನ್ನೂ ನೋಡಲು ಒಂದೇ ಥರ. ಎಷ್ಟೋ ಬೋಟು ಎಂಜಿನ್ನುಗಳ ಒಡಲು ಕಾರಿನದ್ದೇ. ಹಾಗಂತ ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್, ಕಾರ್ಬುರೇಟರ್ ತಂದು ಬೋಟಿಗೆ ಹಾಕಲೇಬಾರದು. ಕಾರಿನ ಕೆಳಗೆ ಗಾಳಿ ಆಡುತ್ತದೆ, ಸೋರಿದ ಪೆಟ್ರೋಲಿನ ಆವಿ ಹಾರಿಹೋಗುತ್ತದೆ. ಬೋಟಿನಲ್ಲಿ ಹಾಗಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಬೋಟಿನ ತಳಕ್ಕಿಳಿದು ಅಲ್ಲೇ ಕೂತುಕೊಳ್ಳುತ್ತದೆ. ಕಾರಿನ ಸ್ಟಾರ್ಟರಿನ ಒಳಗೆ ಹಾರುವ ಒಂದು ಕಿಡಿ ಅದಕ್ಕೆ ತಗುಲಿದರೆ ಬೋಟು ಸಿಡಿಯುತ್ತದೆ. ಬೋಟಿಗೆ ಅಂತಲೇ ಮಾಡಿದ ಭಾಗಗಳಲ್ಲಿ ಕಿಡಿ ಹೊರಬರದಂತೆ ಮುಚ್ಚಿರುತ್ತಾರೆ. ಅಲ್ಲಿನ ಕಾರ್ಬುರೇಟರ್ ಉಕ್ಕಿದರೂ ಪೆಟ್ರೋಲ್ ಹೊರಗೆ ಚೆಲ್ಲದೆ ಎಂಜಿನ್ನಿನ ಒಳಕ್ಕೇ ಹರಿಯುತ್ತದೆ. ಉಳಿತಾಯ ಮಾಡುವ ಜಾಗ ಇದಲ್ಲ. ಹೊಸ ಎಂಜಿನ್ ಹಾಕಿದ ಮೇಲೂ ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ನಿಮಿಷ ಬ್ಲೋವರ್ (ಆವಿ ಹೊರಹಾಕುವ ಫ್ಯಾನು) ಓಡಿಸಿ, ಮೂಗಿನಿಂದ ಒಮ್ಮೆ ವಾಸನೆ ನೋಡಿ.

ಉಪ್ಪು ನೀರಿನಲ್ಲಿ ಓಡಿಸುವವರು ಕೂಲಿಂಗ್ ಬಗ್ಗೆ ಕೇಳಲೇಬೇಕು. ಹಳೆಯ ಬೋಟುಗಳಲ್ಲಿ ಸಮುದ್ರದ ನೀರೇ ಎಂಜಿನ್ನಿನ ಒಳಗೆಲ್ಲ ಸುತ್ತಿ ಹೊರಬರುತ್ತಿತ್ತು. ಒಳಗಿನ ಕಬ್ಬಿಣವನ್ನು ಅದು ತಿನ್ನುತ್ತದೆ. ಹೊಸದು ಹಾಕುವಾಗ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೇ ತಗೊಳ್ಳಿ. ಅದರಲ್ಲಿ ಎಂಜಿನ್ನಿನೊಳಗೆ ಕೂಲೆಂಟ್ ಮಾತ್ರ ಸುತ್ತುತ್ತದೆ, ಸಮುದ್ರದ ನೀರು ಹೊರಗಿನಿಂದ ಅದನ್ನು ತಣಿಸಿ ಹೋಗುತ್ತದೆ.

ಹಳೆಯ ಡೀಸೆಲ್ ಬದಲಿಸುವಾಗ ಬರುವ ತೊಡಕು ಬೇರೆ. ಎಷ್ಟೋ ಹಳೆಯ ಡೀಸೆಲ್ಲುಗಳು ನಿಧಾನವಾಗಿ ತಿರುಗಿ ದೊಡ್ಡ ಪ್ರೊಪೆಲ್ಲರನ್ನು ಓಡಿಸುತ್ತಿದ್ದವು. ಹೊಸವು 3,000–3,600 ಆರ್‌ಪಿಎಂಗೆ ಏರುತ್ತವೆ. ಆದ್ದರಿಂದ ಗೇರ್‌ಬಾಕ್ಸ್ ಅನುಪಾತ ಮತ್ತು ಪ್ರೊಪೆಲ್ಲರ್ ಎರಡನ್ನೂ ಮತ್ತೆ ಲೆಕ್ಕ ಹಾಕಬೇಕು. ಶಾಫ್ಟ್ ತಿರುಗುವ ದಿಕ್ಕೂ ಬದಲಾಗಬಹುದು. ಬಲಕ್ಕೆ ತಿರುಗುತ್ತಿದ್ದದ್ದು ಎಡಕ್ಕೆ ತಿರುಗಿದರೆ ಹಳೆಯ ಪ್ರೊಪೆಲ್ಲರ್ ಉಪಯೋಗಕ್ಕಿಲ್ಲ. ರಿವರ್ಸ್ ಹಾಕಿದಾಗ ಬೋಟಿನ ಹಿಂಬದಿ ಇಷ್ಟು ವರ್ಷ ಯಾವ ಕಡೆ ಸರಿಯುತ್ತಿತ್ತೋ ಅದರ ಎದುರು ಕಡೆ ಸರಿಯುತ್ತದೆ. ಹೊಗೆ ಕೊಳವೆಯ ಅಳತೆ ಹೊಸ ಎಂಜಿನ್ ಕೇಳುವುದಕ್ಕಿಂತ ಸಣ್ಣದಿರಬಾರದು. ನೀರಿನ ಪಂಪಿನ ಇಂಪೆಲ್ಲರ್, ಆಯಿಲ್ ಫಿಲ್ಟರ್, ಡಿಪ್‌ಸ್ಟಿಕ್ ಯಾವ ಬದಿಯಲ್ಲಿವೆ ಅಂತ ಚಿತ್ರ ನೋಡಿ ತಿಳಿದುಕೊಳ್ಳಿ. ಗೋಡೆಯ ಕಡೆ ಇದ್ದರೆ ಕೈ ಹೋಗುವುದಿಲ್ಲ. ಕೈ ಹೋಗದ ಜಾಗದ ಸರ್ವಿಸು ಆಗುವುದೇ ಇಲ್ಲ.

ಎಂಜಿನ್ ಕೂರಿಸಿದ ಮೇಲೆ ಗೇರ್‌ಬಾಕ್ಸಿನ ತುದಿಯ ಚಪ್ಪಟೆ ಬಿಲ್ಲೆಯೂ (ಫ್ಲಾಂಜ್) ಶಾಫ್ಟಿನ ತುದಿಯ ಬಿಲ್ಲೆಯೂ ಒಂದಕ್ಕೊಂದು ಸರಿಯಾಗಿ ಕೂಡಬೇಕು. ಬೋಲ್ಟ್ ಬಿಚ್ಚಿ, ಎರಡನ್ನೂ ಮುಟ್ಟಿಸಿ, ಸುತ್ತ ನಾಲ್ಕು ಕಡೆ ಫೀಲರ್ ಗೇಜಿನ ತೆಳು ಎಲೆ ತೂರಿಸಿ ನೋಡುತ್ತಾರೆ. ನಾಲ್ಕು ಇಂಚಿನ ಬಿಲ್ಲೆಗೆ ಒಂದು ಕಡೆಗೂ ಇನ್ನೊಂದು ಕಡೆಗೂ 0.1 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅಂದರೆ ಒಂದು ಕಾಗದದ ಹಾಳೆಯ ದಪ್ಪ. ಈ ಕೊನೆಯ ಅಳತೆಯನ್ನು ಬೋಟು ನೀರಿನಲ್ಲಿದ್ದಾಗಲೇ ಮಾಡಬೇಕು. ದಡದ ಮೇಲೆ ಆನಿಕೆಗಳ ಮೇಲೆ ಕೂತ ಬೋಟಿನ ಆಕಾರ ನೀರಿಗಿಳಿದಾಗ ಸ್ವಲ್ಪ ಬದಲಾಗುತ್ತದೆ.

ವಿದ್ಯುತ್ ಮೋಟಾರ್ ಹಾಕಬಹುದಾ?

ನಿಧಾನದ ಬೋಟಿಗೆ ಧಾರಾಳವಾಗಿ ಹಾಕಬಹುದು. ನಾಲ್ಕು ಕಿಲೋವ್ಯಾಟಿನಲ್ಲಿ ಐದು ಗಂಟೆ ಹೋಗಲು 20 ಯೂನಿಟ್ ವಿದ್ಯುತ್ ಸಾಕು. ಸದ್ದಿಲ್ಲ, ವಾಸನೆಯಿಲ್ಲ. ಆದರೆ ನಮ್ಮ 18 ಅಡಿಯ ಬೋಟು ನೀರಿನ ಮೇಲೆ ಎದ್ದು ಓಡಬೇಕು. ಅರ್ಧ ಶಕ್ತಿಯಲ್ಲಿ ಓಡಿದರೂ ಗಂಟೆಗೆ ಸುಮಾರು 26 ಯೂನಿಟ್ ಬೇಕು. ಒಂದು ಯೂನಿಟ್ ತುಂಬಿಕೊಳ್ಳಲು ಲಿಥಿಯಂ ಬ್ಯಾಟರಿ ಆರೇಳು ಕೆಜಿ ತೂಗುತ್ತದೆ. ಅಂದರೆ ಒಂದೇ ಒಂದು ಗಂಟೆಗೆ 150 ಕೆಜಿಗಿಂತ ಜಾಸ್ತಿ ಬ್ಯಾಟರಿ. ಅದೇ ಕೆಲಸಕ್ಕೆ ಪೆಟ್ರೋಲ್ 15 ಲೀಟರಿನೊಳಗೆ ಮುಗಿಯುತ್ತದೆ. ಇಂಥ ಬೋಟಿಗೆ ಸದ್ಯಕ್ಕೆ ಪೆಟ್ರೋಲ್ ಎಂಜಿನ್ನೇ ಸರಿ.

ಎಂಜಿನ್ನಿನ ಜೊತೆ ಬದಲಾಗಬೇಕಾದ್ದು

ಹೊಸ ಎಂಜಿನ್ನಿಗೆ ಹಳೆಯ ಟ್ಯಾಂಕಿನ ಪೆಟ್ರೋಲ್ ಕೊಡಬೇಡಿ. ಟು-ಸ್ಟ್ರೋಕಿಗೆ ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಫೋರ್-ಸ್ಟ್ರೋಕಿಗೆ ಹಾಕುವಂತಿಲ್ಲ. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ಅಂಟು, ನೀರು ಎಲ್ಲ ತೆಗೆಸಿ ತೊಳೆಸಿ. ಹಳೆಯ ಫೈಬರ್ ಟ್ಯಾಂಕು ಎಥನಾಲ್ ಬೆರೆತ ಪೆಟ್ರೋಲಿಗೆ ಕರಗುತ್ತದೆ, ಅಂಥದ್ದಿದ್ದರೆ ಟ್ಯಾಂಕನ್ನೇ ಬದಲಿಸಿ. ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಒಂದನ್ನು ಕಡ್ಡಾಯವಾಗಿ ಕೂರಿಸಿ. ಪೈಪುಗಳು, ಕಂಟ್ರೋಲ್ ಕೇಬಲ್ಲುಗಳು ಹೊಸದಾಗಲಿ. ಸ್ಟೇರಿಂಗ್ ಎಷ್ಟು ಎಚ್‌ಪಿಗೆ ಅಂತ ಮಾಡಿದ್ದು ನೋಡಿಕೊಳ್ಳಿ. ಬ್ಯಾಟರಿಯೂ ಹೊಸದಿರಲಿ, ಕಂಪ್ಯೂಟರ್ ಇರುವ ಎಂಜಿನ್ ವೋಲ್ಟೇಜ್ ಇಳಿದರೆ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ನಿಗೆ ಇಟ್ಟ ಹಣದ ಜೊತೆ ಇವಕ್ಕೂ ಮೊದಲೇ ಒಂದು ಪಾಲು ತೆಗೆದಿಡಿ.

ಪ್ರೊಪೆಲ್ಲರ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಬೋಟಿಗೆ ಎಂದಿನ ಜನ, ಎಂದಿನ ಸಾಮಾನು ತುಂಬಿ, ಎಂಜಿನ್ನಿನ ಮೊದಲ 10 ಗಂಟೆ ಮೆತ್ತಗೆ ಓಡಿಸುವುದು ಮುಗಿದ ಮೇಲೆ, ಒಮ್ಮೆ ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ಮೀಟರ್ ನೋಡಿ. ಕಂಪನಿ 5,000ದಿಂದ 6,000 ಅಂತ ಹೇಳಿದ್ದರೆ ಮುಳ್ಳು ಅದರ ಮೇಲಿನ ಅರ್ಧದಲ್ಲಿ ನಿಲ್ಲಬೇಕು. 4,700ಕ್ಕೇ ನಿಂತರೆ ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ಜಾಸ್ತಿ. ಎಂಜಿನ್ ತಪ್ಪು ಗೇರಿನಲ್ಲಿ ಗುಡ್ಡ ಹತ್ತುವ ಬಂಡಿಯಂತೆ ನರಳುತ್ತಿದೆ ಅಂತ ಅರ್ಥ. ಪಿಚ್ ಒಂದು ಇಂಚು ಇಳಿಸಿದರೆ 150–200 ಆರ್‌ಪಿಎಂ ಏರುತ್ತದೆ. ಎರಡು ಇಂಚು ಇಳಿಸಿದರೆ ನಮ್ಮ ಬೋಟು 5,000 ಮುಟ್ಟುತ್ತದೆ, ಮೇಲಿನ ಅರ್ಧಕ್ಕೆ ಬರಲು ನಾಲ್ಕೈದು ಇಂಚು ಇಳಿಸಬೇಕಾಗಬಹುದು. ಎರಡು ಪ್ರೊಪೆಲ್ಲರ್ ಹಾಕಿ ನೋಡಲು ಬಿಡುವ ಅಂಗಡಿಯಲ್ಲೇ ಎಂಜಿನ್ ಕೊಳ್ಳುವುದು ಲಾಭ.

20 ಗಂಟೆ ಓಡಿದ ಮೇಲೆ ಮೊದಲ ಆಯಿಲ್ ಬದಲಿಸುವಾಗ ಟ್ರಾನ್ಸಮ್ಮಿನ ಬೋಲ್ಟುಗಳನ್ನೂ ಒಮ್ಮೆ ಬಿಗಿ ಮಾಡಿ. ಆಮೇಲೆ ಬೋಟನ್ನು ನಿಂತ ನೀರಿನಲ್ಲಿ ಕಟ್ಟಿ, ಇಬ್ಬರು ಹಿಂದೆ ನಿಂತು, ಕ್ಯಾನುಗಳನ್ನಿಟ್ಟು ಎಳೆದ ಆ ಪೆನ್ಸಿಲ್ ಗೆರೆ ನೀರಿಗಿಂತ ಮೇಲಿದೆಯಾ ಕೆಳಗಿದೆಯಾ ನೋಡಿ.